ಕರ್ನಾಟಕ ರಾಜ್ಯ ವಿರುದ್ಧ ಇಕಾಮ್ ಗಿಲ್ ಕಾಫಿ ಟ್ರೇಡಿಂಗ್

ಕರ್ನಾಟಕ ರಾಜ್ಯ ವಿರುದ್ಧ ಇಕಾಮ್ ಗಿಲ್ ಕಾಫಿ ಟ್ರೇಡಿಂಗ್ ಪ್ರೈವೇಟ್ ಲಿಮಿಟೆಡ್ ಎಂಬುದು ಭಾರತದ ಸರ್ವೋಚ್ಚ ನ್ಯಾಯಾಲಯವು 2023ರ ಮಾರ್ಚ್ 13ರಂದು ತೀರ್ಪು ನೀಡಿದ ತೆರಿಗೆ ಪ್ರಕರಣ. ಖರೀದಿಯ ಮೇಲೆ ತೆತ್ತ ತೆರಿಗೆಯ ಜಮೆಯನ್ನು, ಅಂದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಅನ್ನು ಕೋರುವ ವ್ಯಾಪಾರಿಯೇ ಆ ಖರೀದಿ ನೈಜವೆಂದು ಸಾಬೀತುಪಡಿಸಬೇಕು ಎಂಬುದು ತೀರ್ಪಿನ ಸಾರ.

ತೆರಿಗೆ ಜಮೆ

ವ್ಯಾಪಾರಿಯು ಮಾರಾಟದ ಮೇಲೆ ಸಂಗ್ರಹಿಸಿದ ತೆರಿಗೆಯಲ್ಲಿ ಖರೀದಿಯ ವೇಳೆ ತೆತ್ತ ತೆರಿಗೆಯನ್ನು ಕಳೆದು ಉಳಿದುದನ್ನು ಸರ್ಕಾರಕ್ಕೆ ಕಟ್ಟುತ್ತಾನೆ. ಉದಾಹರಣೆಗೆ, ತಿ. ನರಸೀಪುರದ ಕಬ್ಬಿಣದ ವ್ಯಾಪಾರಿಯೊಬ್ಬನು ಮೈಸೂರಿನ ಸಗಟು ವ್ಯಾಪಾರಿಯಿಂದ 1,00,000 ರೂ. ಮೌಲ್ಯದ ಸರಕನ್ನು ಶೇ. 18ರಷ್ಟು ತೆರಿಗೆ ಸೇರಿಸಿ ಕೊಂಡನೆಂದು ಭಾವಿಸಬಹುದು. ಆತನಿಗೆ 18,000 ರೂ. ಜಮೆ ದೊರೆಯುತ್ತದೆ. ಸಗಟು ವ್ಯಾಪಾರಿಯು ಆ ಹಣವನ್ನು ಸರ್ಕಾರಕ್ಕೆ ಕಟ್ಟದಿದ್ದರೆ, ಬೊಕ್ಕಸವು ತನಗೆ ಬಾರದ ಹಣಕ್ಕೆ ಜಮೆ ಕೊಟ್ಟಂತಾಗುತ್ತದೆ. ಜಮೆಯನ್ನು ನಿರಾಕರಿಸಿದರೆ ಪ್ರಾಮಾಣಿಕ ಖರೀದಿದಾರನು ಅದೇ ತೆರಿಗೆಯನ್ನು ಎರಡು ಬಾರಿ ತೆರಬೇಕಾಗುತ್ತದೆ. ಸರಕು ಸಾಗಿಸದೆ ಕೇವಲ ಬಿಲ್ಲುಗಳನ್ನು ಕೈಯಿಂದ ಕೈಗೆ ದಾಟಿಸುವ ವಂಚನೆಯ ಸರಪಳಿಗಳು ಈ ವ್ಯವಸ್ಥೆಯನ್ನೇ ದುರುಪಯೋಗಪಡಿಸಿಕೊಳ್ಳುತ್ತವೆ.

ಹಿನ್ನೆಲೆ

ಕರ್ನಾಟಕ ಮೌಲ್ಯವರ್ಧಿತ ತೆರಿಗೆ ಅಧಿನಿಯಮ, 2003ರ ಅಡಿಯಲ್ಲಿ ಕಂಪನಿಯು ಕಾಫಿ ಬೀಜದ ಖರೀದಿಯ ಮೇಲೆ ಜಮೆ ಕೋರಿತ್ತು. ಮಾರಾಟಗಾರರಲ್ಲಿ ಕೆಲವರ ನೋಂದಣಿ ರದ್ದಾಗಿತ್ತು. ಕೆಲವರು ಮಾರಾಟವನ್ನೇ ಅಲ್ಲಗಳೆದಿದ್ದರು. ಈ ಕಾರಣಕ್ಕೆ ತೆರಿಗೆ ನಿರ್ಧರಣಾಧಿಕಾರಿಯು ಜಮೆಯನ್ನು ನಿರಾಕರಿಸಿದರು. ಬಿಲ್ಲುಗಳಿದ್ದು, ಚೆಕ್ ಮೂಲಕ ಹಣ ಪಾವತಿಯಾಗಿದೆಯೆಂಬ ಆಧಾರದ ಮೇಲೆ ಮೇಲ್ಮನವಿ ನ್ಯಾಯಾಧಿಕರಣವು ಜಮೆಯನ್ನು ಮಾನ್ಯ ಮಾಡಿತು. ಕರ್ನಾಟಕ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ರಾಜ್ಯ ಸರ್ಕಾರವು ಸರ್ವೋಚ್ಚ ನ್ಯಾಯಾಲಯದ ಮೊರೆ ಹೋಯಿತು.

ತೀರ್ಪು

ನ್ಯಾಯಮೂರ್ತಿಗಳಾದ ಎಂ. ಆರ್. ಶಾ ಮತ್ತು ಸಿ. ಟಿ. ರವಿಕುಮಾರ್ ಅವರ ಪೀಠವು ಉಚ್ಚ ನ್ಯಾಯಾಲಯದ ಆದೇಶವನ್ನು ರದ್ದುಪಡಿಸಿತು. ಅಧಿನಿಯಮದ 70ನೇ ಪ್ರಕರಣದಂತೆ ರುಜುವಾತಿನ ಹೊಣೆಯು ಖರೀದಿದಾರನದು. ಬಿಲ್ಲು ಮತ್ತು ಚೆಕ್ ಪಾವತಿಯಷ್ಟೇ ಸಾಲದು ಎಂದು ಪೀಠವು ಹೇಳಿತು. ಮಾರಾಟಗಾರನ ಹೆಸರು, ವಿಳಾಸ, ಸರಕು ತಂದ ವಾಹನದ ವಿವರ, ಸಾಗಣೆ ವೆಚ್ಚದ ಪಾವತಿ, ಸರಕು ಸ್ವೀಕರಿಸಿದ ದಾಖಲೆ ಮೊದಲಾದವುಗಳನ್ನು ಒದಗಿಸಬೇಕೆಂದು ಸೂಚಿಸಿತು.

ಪರಿಣಾಮ ಮತ್ತು ಹೋಲಿಕೆ

2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಕಾನೂನಿನಲ್ಲಿಯೂ 155ನೇ ಪ್ರಕರಣವು ಇದೇ ಹೊಣೆಯನ್ನು ವಿಧಿಸುತ್ತದೆ. ಮಾರಾಟಗಾರನು ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಿರಬೇಕೆಂಬುದು 16(2)(ಸಿ) ಪ್ರಕರಣದ ಷರತ್ತು. ಜಮೆಯು ವಂಚನೆಯದೆಂದು ನಂಬಲು ಕಾರಣವಿದ್ದಲ್ಲಿ ಅಧಿಕಾರಿಗಳು 86ಎ ನಿಯಮದಡಿ ಅದನ್ನು ಒಂದು ವರ್ಷದವರೆಗೆ ತಡೆಹಿಡಿಯಬಹುದು. ಆದರೆ ಹಾಗೆ ತಡೆಯುವ ಮುನ್ನ ವ್ಯಾಪಾರಿಯ ಅಹವಾಲು ಆಲಿಸಬೇಕು, ಅಧಿಕಾರಿಯು ತಾನೇ ಕಾರಣಗಳನ್ನು ಪರಿಶೀಲಿಸಿರಬೇಕು ಎಂದು ಕರ್ನಾಟಕ ಉಚ್ಚ ನ್ಯಾಯಾಲಯವು 2024ರಲ್ಲಿ ಕೆ-9 ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ತೀರ್ಪಿತ್ತಿತು.

ಯುರೋಪಿನಲ್ಲಿ ಅಳತೆಗೋಲು ಬೇರೆ. ಅಲ್ಲಿನ ನ್ಯಾಯಾಲಯದ 2006ರ ಕಿಟೆಲ್ ತೀರ್ಪಿನಂತೆ, ತನ್ನ ಖರೀದಿಯು ವಂಚನೆಗೆ ಸಂಬಂಧಿಸಿದೆಯೆಂದು ತಿಳಿದಿದ್ದ ಅಥವಾ ತಿಳಿದಿರಬೇಕಾಗಿದ್ದ ವ್ಯಾಪಾರಿಗೆ ಜಮೆಯನ್ನು ನಿರಾಕರಿಸಲಾಗುತ್ತದೆ.