ಲಾ ಓದಲು ಪುಣೆಗೆ

1947ರ ಅಕ್ಟೋಬರಿನಿಂದ 1971ರ ಮಾರ್ಚಿವರೆಗೆ ಮೈಸೂರು ರಾಜ್ಯವನ್ನು ನಡೆಸಿದ ಮುಖ್ಯಮಂತ್ರಿಗಳು ಏಳು ಮಂದಿ: ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ, ಎಸ್. ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ವೀರೇಂದ್ರ ಪಾಟೀಲ್. ಏಳಕ್ಕೆ ಏಳೂ ಜನ ಲಾ ಓದಿದವರು. 1972ರಲ್ಲಿ ದೇವರಾಜ ಅರಸು ಅಧಿಕಾರಕ್ಕೆ ಬಂದಾಗಲೇ ಆ ಸಾಲು ಮುರಿದದ್ದು. ವಕೀಲರು ರಾಜಕೀಯಕ್ಕೆ ಇಳಿಯುವುದು ಆ ಕಾಲದಲ್ಲಿ ದೇಶದ ಎಲ್ಲ ಕಡೆಯೂ ಇದ್ದದ್ದೇ. ಆದರೆ ಇವರು ಎಲ್ಲೆಲ್ಲಿ ಓದಿದರು ಎಂದು ಕೇಳಿದರೆ ಬೇರೊಂದು ಕಥೆ ಎದುರಾಗುತ್ತದೆ. ನಿಜಲಿಂಗಪ್ಪ, ಹನುಮಂತಯ್ಯ, ಮಂಜಪ್ಪ ಲಾ ಓದಿದ್ದು ಪುಣೆಯಲ್ಲಿ. ಜತ್ತಿ ಮತ್ತು ಕಂಠಿ ಓದಿದ್ದು ಕೊಲ್ಹಾಪುರದಲ್ಲಿ. ವೀರೇಂದ್ರ ಪಾಟೀಲರು ಹೈದರಾಬಾದಿನ ಉಸ್ಮಾನಿಯಾದಲ್ಲಿ. ಕನ್ನಡ ನಾಡನ್ನು ಮುಂದೆ ಆಳಲಿದ್ದವರು ಕಾನೂನು ಕಲಿಯಲು ನಾಡು ಬಿಟ್ಟು ಹೋಗಬೇಕಾಗಿತ್ತು.

ಕಾರಣ ಸರಳ. ಮೈಸೂರು ವಿಶ್ವವಿದ್ಯಾಲಯ 1916ರಲ್ಲೇ ಹುಟ್ಟಿತು. ಮರುವರ್ಷ ಎಂಜಿನಿಯರಿಂಗ್ ಕಾಲೇಜು ಬಂತು, 1924ರಲ್ಲಿ ವೈದ್ಯಕೀಯ ಕಾಲೇಜು ಬಂತು. ಲಾ ಕಾಲೇಜು ಮಾತ್ರ ಬರಲಿಲ್ಲ. ಬೆಂಗಳೂರಿನಲ್ಲಿ ಸರ್ಕಾರಿ ಕಾನೂನು ಕಾಲೇಜು ಬಾಗಿಲು ತೆರೆದದ್ದು 1948ರಲ್ಲಿ. ಸೆಂಟ್ರಲ್ ಕಾಲೇಜಿನಲ್ಲೋ ಮಹಾರಾಜಾ ಕಾಲೇಜಿನಲ್ಲೋ ಬಿ.ಎ. ಮುಗಿಸಿ ವಕೀಲನಾಗಬೇಕು ಎಂದುಕೊಂಡ ಹುಡುಗ ಅಲ್ಲಿಯವರೆಗೂ ಹೆಚ್ಚಾಗಿ ಮದರಾಸಿಗೆ, ಮುಂಬಯಿಗೆ ಅಥವಾ ಪುಣೆಗೆ ಟಿಕೆಟ್ ತೆಗೆಸಬೇಕಿತ್ತು.

ಮದರಾಸಿನ ಲಾ ಕಾಲೇಜು 1891ರದು, ಮುಂಬಯಿಯ ಸರ್ಕಾರಿ ಲಾ ಕಾಲೇಜು ಇನ್ನೂ ಹಳೆಯದು, 1855ರದು. ಪುಣೆಯಲ್ಲಿ ಇಂಡಿಯನ್ ಲಾ ಸೊಸೈಟಿ ತನ್ನ ಕಾಲೇಜನ್ನು ಆರಂಭಿಸಿದ್ದು 1924ರಲ್ಲಿ. ಅದೇ ವರ್ಷ ಬೆಂಗಳೂರಿನಲ್ಲಿ ಬಿ.ಎ. ಮುಗಿಸಿದ ನಿಜಲಿಂಗಪ್ಪನವರು ಅಲ್ಲಿಗೆ ಸೇರಿ 1926ರಲ್ಲಿ ಲಾ ಪದವಿ ಪಡೆದು, ಚಿತ್ರದುರ್ಗಕ್ಕೆ ಮರಳಿ ವಕೀಲಿ ಹಿಡಿದರು. ಬೆಂಗಳೂರಿನಿಂದ ಪುಣೆಗೆ ಮೀಟರ್‌ಗೇಜ್ ರೈಲು. ಹರಿಹರ, ಹುಬ್ಬಳ್ಳಿ, ಬೆಳಗಾವಿ, ಮೀರಜ್ ದಾಟಿ ಸಾಗುವ ಆ ದಾರಿಯಲ್ಲಿ ಮೈಸೂರು ಸೀಮೆಯ ಹುಡುಗರು ಮುಂಬಯಿ ಪ್ರಾಂತದ ಕನ್ನಡದ ಊರುಗಳನ್ನೂ ಕಣ್ಣಾರೆ ಕಂಡರು. ತಮ್ಮದೇ ಮಾತನಾಡುವ ಜನ ಬೇರೆ ಸರ್ಕಾರದ ಕೆಳಗೆ, ಬೇರೆ ಕಾನೂನಿನ ಕೆಳಗೆ ಬದುಕುವುದನ್ನು ಕಂಡರು. ಏಕೀಕರಣದ ನಾಯಕರಲ್ಲಿ ಇಷ್ಟೊಂದು ವಕೀಲರು ಇದ್ದದ್ದಕ್ಕೆ ಈ ಓಡಾಟವೂ ಒಂದು ಕಾರಣ ಎನ್ನಬಹುದು.

ಕೋರ್ಟುಗಳೇ ಹಾಗೆ ಹಂಚಿಹೋಗಿದ್ದವು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಅಪೀಲು ಮುಂಬಯಿ ಹೈಕೋರ್ಟಿಗೆ ಹೋಗುತ್ತಿತ್ತು. ಮಂಗಳೂರು, ಬಳ್ಳಾರಿಯದು ಮದರಾಸಿಗೆ. ಕಲಬುರಗಿ, ರಾಯಚೂರು, ಬೀದರದ ವಕೀಲ ಉರ್ದು ಬಲ್ಲವನಾಗಿರಬೇಕಿತ್ತು, ಏಕೆಂದರೆ ನಿಜಾಮನ ಕೋರ್ಟುಗಳು ಉರ್ದುವಿನಲ್ಲಿ ನಡೆಯುತ್ತಿದ್ದವು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೂ ಉರ್ದುವಿನಲ್ಲೇ. ಜಮಖಂಡಿಯಂಥ ಸಣ್ಣ ಸಂಸ್ಥಾನಗಳಿಗೆ ತಮ್ಮದೇ ನ್ಯಾಯಾಲಯ. ಮೈಸೂರಿಗೆ 1884ರಲ್ಲಿ ಮೂವರು ನ್ಯಾಯಾಧೀಶರ ಚೀಫ್ ಕೋರ್ಟು ಸ್ಥಾಪನೆಯಾಗಿ, 1930ರಲ್ಲಿ ಅದು ಹೈಕೋರ್ಟ್ ಎನಿಸಿಕೊಂಡಿತು. ಕಬ್ಬನ್ ಪಾರ್ಕಿನ ಅಂಚಿನಲ್ಲಿರುವ ಕೆಂಪು ಅಠಾರಾ ಕಚೇರಿ ಅದರ ಮನೆ. 1860ರ ದಶಕದಲ್ಲಿ ಆ ಕಟ್ಟಡವನ್ನು ಕಟ್ಟಿದ್ದು ಹದಿನೆಂಟು ಸರ್ಕಾರಿ ಇಲಾಖೆಗಳಿಗಾಗಿ.

ವಕೀಲರಲ್ಲೂ ಆಗ ಮೇಲು ಕೀಳಿನ ಮೆಟ್ಟಿಲುಗಳು ಹಲವು. ಇಂಗ್ಲೆಂಡಿಗೆ ಹೋಗಿ ಬಂದವನು ಬ್ಯಾರಿಸ್ಟರ್. ಹೈಕೋರ್ಟಿನಲ್ಲಿ ವಾದಿಸಬಲ್ಲವನು ವಕೀಲ. ಜಿಲ್ಲೆ, ತಾಲ್ಲೂಕಿನ ಕೋರ್ಟುಗಳಲ್ಲಿ ನಿಲ್ಲುವವನು ಪ್ಲೀಡರ್. ಪದವಿ ಇಲ್ಲದಿದ್ದರೂ ಪ್ಲೀಡರ್ ಪರೀಕ್ಷೆ ಕಟ್ಟಿ ಪಾಸಾದರೆ ಸನ್ನದು ಸಿಗುತ್ತಿದ್ದ ಕಾಲವಿತ್ತು. ಈ ಎಲ್ಲ ದರ್ಜೆಗಳನ್ನು ಅಳಿಸಿ ಎಲ್ಲರನ್ನೂ ಅಡ್ವೊಕೇಟ್ ಎಂದು ಕರೆದದ್ದು 1961ರ ಕಾಯ್ದೆ.

ಇಷ್ಟು ತಾಪತ್ರಯ ಪಟ್ಟು ಜನ ಈ ವೃತ್ತಿಯನ್ನೇ ಏಕೆ ಆರಿಸಿಕೊಂಡರು? ಹಣ ಒಂದು ಕಾರಣ, ಊರಿನಲ್ಲಿ ಸಿಗುವ ಮರ್ಯಾದೆ ಇನ್ನೊಂದು. ಆದರೆ ಇವೆರಡಕ್ಕಿಂತ ದೊಡ್ಡ ಆಕರ್ಷಣೆ ಒಂದಿತ್ತು. ಇಂಗ್ಲಿಷ್ ಓದಿದವನ ಮುಂದೆ ಆಗ ಇದ್ದ ದಾರಿಗಳಲ್ಲಿ ಹೆಚ್ಚಿನವು ಕಚೇರಿಯ ಗುಮಾಸ್ತಗಿರಿಗೋ ಅಮಲ್ದಾರಿಕೆಗೋ ಹೋಗುತ್ತಿದ್ದವು. ಸರ್ಕಾರದ ಸಂಬಳ ಉಣ್ಣುವವನು ಸರ್ಕಾರದ ಎದುರು ಬಾಯಿ ತೆರೆಯುವಂತಿರಲಿಲ್ಲ. ವಕೀಲನಿಗೆ ಅನ್ನ ಕೊಡುವವರು ಕಕ್ಷಿದಾರರು. ಬೆಳಿಗ್ಗೆ ಕೋರ್ಟು, ಸಂಜೆ ಸಭೆ. ಬೇಕಾದ ವಿಷಯಕ್ಕೆ ಬರೆಯಬಹುದು, ಬೇಡದ ಆಜ್ಞೆಯನ್ನು ಪ್ರಶ್ನಿಸಬಹುದು. ಆ ಸ್ವಾತಂತ್ರ್ಯವನ್ನು ಕೆಲವರು ಎಷ್ಟು ಉದಾರವಾಗಿ ಬಳಸಿದರು ಎನ್ನುವುದು ಈ ಇತಿಹಾಸದ ಅತ್ಯಂತ ಮನಮುಟ್ಟುವ ಭಾಗ.

ಮಂಗಳೂರಿನ ಕುದ್ಮುಲ್ ರಂಗರಾಯರು ಅಂಥವರಲ್ಲಿ ಮೊದಲಿಗರು. 1859ರಲ್ಲಿ ಹುಟ್ಟಿದ ಅವರು ಮೊದಲು ಶಾಲಾ ಮಾಸ್ತರರು. ಆಮೇಲೆ ಪ್ಲೀಡರ್ ಪರೀಕ್ಷೆ ಪಾಸು ಮಾಡಿ ಕೋರ್ಟಿಗೆ ಬಂದವರು. ಬಡವರ ವಕೀಲರೆಂದು ಹೆಸರಾದರು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದಾಗ ಅವರ ಸ್ವಂತ ಸಾರಸ್ವತ ಸಮಾಜವೇ ಬಹಿಷ್ಕಾರ ಹಾಕಿತು. ರಾಯರು ಹಿಂದೆ ಸರಿಯಲಿಲ್ಲ. ಶಾಲೆಗಳ ಸಂಖ್ಯೆ ಹೆಚ್ಚಿತು, ವಸತಿ ಬಂತು, ಕೈಕಸುಬಿನ ತರಬೇತಿ ಬಂತು. ತಮ್ಮ ಶಾಲೆಯಲ್ಲಿ ಓದಿದ ಹುಡುಗ ದೊಡ್ಡ ಹುದ್ದೆಗೇರಿ ಊರ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಕಾರೆಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ಅವರ ಬಯಕೆಯಾಗಿತ್ತು. 1928ರಲ್ಲಿ ತೀರಿಕೊಂಡ ಅವರ ಸಮಾಧಿಯ ಕಲ್ಲಿನ ಮೇಲೆ ಆ ಬಯಕೆಯನ್ನೇ ಕೆತ್ತಿಸಿದ್ದಾರೆ.

ಅದೇ ಊರಿನ ಕಾರ್ನಾಡ್ ಸದಾಶಿವರಾಯರು ಸಿರಿವಂತ ಮನೆತನದವರು, ಮುಂಬಯಿಯಲ್ಲಿ ಲಾ ಓದಿದವರು. ವಿಧವೆಯರಿಗಾಗಿ, ಹೆಣ್ಣುಮಕ್ಕಳ ಓದಿಗಾಗಿ, ಕಾಂಗ್ರೆಸ್ಸಿಗಾಗಿ ಆಸ್ತಿಯನ್ನೆಲ್ಲ ಕರಗಿಸಿ 1937ರಲ್ಲಿ ಮುಂಬಯಿಯಲ್ಲಿ ಬಡವರಾಗಿ ಕಣ್ಣು ಮುಚ್ಚಿದರು. ಬೆಂಗಳೂರಿನ ಸದಾಶಿವನಗರಕ್ಕೆ ಅವರದೇ ಹೆಸರು.

ವಿಜಾಪುರದ ಫ.ಗು. ಹಳಕಟ್ಟಿಯವರದು ಇನ್ನೊಂದು ಬಗೆ. ಮುಂಬಯಿಯಲ್ಲಿ ಓದಿ 1904ರಲ್ಲಿ ಲಾ ಮುಗಿಸಿದ ಅವರು ವಿಜಾಪುರದಲ್ಲಿ ನೆಲೆ ನಿಂತು ಸರ್ಕಾರಿ ವಕೀಲರೂ ಆದರು. ಆ ಆದಾಯ ಹೋದದ್ದು ತಾಳೆಗರಿಗಳಿಗೆ. ಮಠಗಳಲ್ಲಿ, ಮನೆಗಳ ಅಟ್ಟದ ಮೇಲೆ ಹುಳು ತಿನ್ನುತ್ತಿದ್ದ ವಚನದ ಕಟ್ಟುಗಳನ್ನು ಹುಡುಕಿ ತಂದರು, ಪಾಠ ಪರಿಷ್ಕರಿಸಿದರು, ವಿಷಯವಾರು ಜೋಡಿಸಿದರು. ಆ ಸಂಕಲನವನ್ನು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿಗೆ ಕಳಿಸಿದರೆ ಅಲ್ಲಿಂದ ವಾಪಸು ಬಂತು. ಕೊನೆಗೆ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಅದೇ ‘ವಚನಶಾಸ್ತ್ರಸಾರ’ದ ಮೊದಲ ಭಾಗ. ಬೇರೆಯವರ ಅಚ್ಚುಕೂಟ ನಂಬಿ ಕೂತರೆ ಆಗದು ಎಂದು ತೀರ್ಮಾನಿಸಿದ ಅವರು ಮನೆ ಮಾರಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು, ಮುಂದಿನ ವರ್ಷ ‘ಶಿವಾನುಭವ’ ಪತ್ರಿಕೆ ಹೊರಡಿಸಿದರು. ಕಾನೂನಿನ ಓದು ದಾಖಲೆಯನ್ನು ಗೌರವಿಸಲು ಕಲಿಸುತ್ತದೆ: ಒಂದು ಪ್ರತಿಯನ್ನು ಇನ್ನೊಂದಕ್ಕೆ ಹಿಡಿದು ನೋಡು, ಸಾಕ್ಷಿ ಇಲ್ಲದೆ ಒಪ್ಪಬೇಡ. ಹಳಕಟ್ಟಿಯವರು ಆ ಅಭ್ಯಾಸವನ್ನು ವಚನಗಳಿಗೆ ತಂದರು. ಆ ಕೆಲಸ ನಡೆಯದಿದ್ದರೆ ಇಂದು ಕನ್ನಡಿಗರ ಬಾಯಲ್ಲಿರುವ ಎಷ್ಟೋ ವಚನಗಳು ಗರಿಯೊಂದಿಗೇ ಪುಡಿಯಾಗುತ್ತಿದ್ದವು.

ಧಾರವಾಡದಲ್ಲಿ ಆಲೂರು ವೆಂಕಟರಾಯರು ವಕೀಲಿಯನ್ನು ಬಿಟ್ಟೇಬಿಟ್ಟು ನಾಡಿನ ಕೆಲಸಕ್ಕೆ ನಿಂತರು. ಗದಗಿನ ವಕೀಲ ಹುಯಿಲಗೋಳ ನಾರಾಯಣರಾಯರು ಬರೆದ ನಾಡಿನ ಹಾಡು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಮೊಳಗಿತು. ಆ ಅಧಿವೇಶನದ ಅಧ್ಯಕ್ಷ ಗಾಂಧೀಜಿಯವರ ಹೆಸರನ್ನು ಲಂಡನ್ನಿನ ಇನ್ನರ್ ಟೆಂಪಲ್ ತನ್ನ ಬ್ಯಾರಿಸ್ಟರುಗಳ ಪಟ್ಟಿಯಿಂದ 1922ರಲ್ಲೇ ತೆಗೆದುಹಾಕಿತ್ತು. ವಕೀಲನ ಸ್ವಾತಂತ್ರ್ಯಕ್ಕೂ ಹೀಗೆ ಒಂದು ಗಡಿ ಇತ್ತು. ಸನ್ನದು ಕೊಟ್ಟವರು ಅದನ್ನು ಕಸಿಯಲೂ ಬಲ್ಲರು.

ಸನ್ನದು ಪಡೆಯುವುದೇ ಹಲವರಿಗೆ ಬೆಟ್ಟದಂತಿತ್ತು. ಬಾಬಾಸಾಹೇಬ್ ಅಂಬೇಡ್ಕರ್ ಅವರಂಥವರೇ 1923ರಲ್ಲಿ ಬ್ಯಾರಿಸ್ಟರ್ ಆಗಿ ಮರಳಿದಾಗ ಮುಂಬಯಿ ಹೈಕೋರ್ಟಿನ ಸನ್ನದಿಗೆ ಹಣ ಹೊಂದಿಸಲು ಗೆಳೆಯನ ನೆರವು ಬೇಕಾಯಿತು. ಹೆಣ್ಣುಮಕ್ಕಳಿಗಂತೂ ಬಾಗಿಲೇ ಇರಲಿಲ್ಲ. 1916ರಲ್ಲಿ ಕಲ್ಕತ್ತಾ ಹೈಕೋರ್ಟು ರೆಜಿನಾ ಗುಹಾ ಅವರ ಅರ್ಜಿಯನ್ನು, ಆಮೇಲೆ ಪಟ್ನಾ ಹೈಕೋರ್ಟು ಸುಧಾಂಶುಬಾಲಾ ಹಾಜ್ರಾ ಅವರ ಅರ್ಜಿಯನ್ನು ತಳ್ಳಿಹಾಕಿದವು. ಇಬ್ಬರಿಗೂ ಕಾನೂನಿನ ಪದವಿ ಇತ್ತು. 1923ರ ಕಾಯ್ದೆ ಆ ತಡೆಯನ್ನು ತೆಗೆದರೂ ಜಿಲ್ಲಾ ಕೇಂದ್ರಗಳ ಬಾರ್ ರೂಮುಗಳಿಗೆ ಹೆಣ್ಣುಮಕ್ಕಳು ಬರಲು ದಶಕಗಳೇ ಹಿಡಿದವು. ಮುಂದೆ ಕೇರಳ, ಕಲ್ಕತ್ತಾ, ಬಾಂಬೆ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾದ ಮಂಜುಳಾ ಚೆಲ್ಲೂರ್ ಬಳ್ಳಾರಿಯಲ್ಲಿ ವಕೀಲಿ ಶುರುಮಾಡಿದ್ದು 1970ರ ದಶಕದ ಕೊನೆಯಲ್ಲಿ. ಆ ಊರಿನ ಮೊದಲ ಮಹಿಳಾ ವಕೀಲರು ಅವರೇ.

ಕಾಲೇಜು ಮನೆ ಬಾಗಿಲಿಗೆ ಬಂದದ್ದು 1939ರಲ್ಲಿ. ಬೆಳಗಾವಿಯಲ್ಲಿ ಕರ್ನಾಟಕ ಲಾ ಸೊಸೈಟಿ ಹುಟ್ಟಿ, ವಂಟಮುರಿಯ ರಾಜಾ ಲಖಮಗೌಡರ ಹೆಸರಿನಲ್ಲಿ ಕಾನೂನು ಕಾಲೇಜು ತೆರೆಯಿತು. ಮಂಡ್ಯ ಜಿಲ್ಲೆಯ ಎಂಗಲಗುಪ್ಪೆಯಲ್ಲಿ ಹುಟ್ಟಿದ ಇ.ಎಸ್. ವೆಂಕಟರಾಮಯ್ಯ ಅವರ ಓದಿನಲ್ಲಿ ಈ ಸಂಧಿಕಾಲ ಸ್ಪಷ್ಟವಾಗಿ ಕಾಣುತ್ತದೆ: ಮೈಸೂರಿನ ಮಹಾರಾಜಾ ಕಾಲೇಜು, ನಂತರ ಪುಣೆಯ ಲಾ ಕಾಲೇಜು, ಅಲ್ಲಿಂದ ಬೆಳಗಾವಿಯದು. 1946ರಲ್ಲಿ ವಕೀಲಿ ಆರಂಭಿಸಿದ ಅವರು 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದರು. ಅವರ ಮಗಳು ಬಿ.ವಿ. ನಾಗರತ್ನ 2021ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು.

1956ರ ಏಕೀಕರಣದೊಂದಿಗೆ ಮುಂಬಯಿ, ಮದರಾಸು, ಹೈದರಾಬಾದಿನ ಕಡತಗಳು ಬೆಂಗಳೂರಿಗೆ ಬಂದವು. ಬೀದರದ ಕಕ್ಷಿದಾರನಿಗೆ ಈಗ ಹೈಕೋರ್ಟು ಹೈದರಾಬಾದಿಗಿಂತ ಬಹಳ ದೂರವಾಯಿತು. ಧಾರವಾಡ, ಕಲಬುರಗಿಯ ವಕೀಲರು ವರ್ಷಗಟ್ಟಲೆ ಹೋರಾಡಿದ ಮೇಲೆ 2008ರಲ್ಲಿ ಅಲ್ಲಿ ಸಂಚಾರಿ ಪೀಠಗಳು ಕೂತವು. ಈ ನಡುವೆ 1988ರಲ್ಲಿ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲು ಪಿಯುಸಿ ಮುಗಿಸಿದವರನ್ನೇ ಐದು ವರ್ಷದ ಕೋರ್ಸಿಗೆ ಸೇರಿಸಿಕೊಳ್ಳತೊಡಗಿತು. ದೇಶದ ಮೂಲೆಮೂಲೆಯ ಮಕ್ಕಳು ಲಾ ಓದಲು ಬೆಂಗಳೂರಿಗೆ ಬಂದಿಳಿದರು.

ಆದರೆ ಸೀನಿಯರ್ ಕೈಕೆಳಗಿನ ಮೊದಲ ವರ್ಷಗಳ ಬರಿಗೈ ಇಂದಿಗೂ ತಪ್ಪಿಲ್ಲ. ಹಳ್ಳಿಯಿಂದ ಬಂದವರು, ಮನೆಯಲ್ಲಿ ಮೊದಲ ಬಾರಿಗೆ ಪದವಿ ಕಂಡವರು ಈ ವೃತ್ತಿಯನ್ನು ಬಿಟ್ಟುಹೋಗುವುದು ಹೆಚ್ಚಾಗಿ ಅಲ್ಲಿಯೇ. ಪರಿಶಿಷ್ಟ ಜಾತಿ, ಪಂಗಡಗಳ ಕಾನೂನು ಪದವೀಧರರಿಗೆ ಹಿರಿಯ ವಕೀಲರ ಬಳಿ ಕಲಿಯುವ ಅವಧಿಯಲ್ಲಿ ರಾಜ್ಯ ಸರ್ಕಾರ ತಿಂಗಳ ಶಿಷ್ಯವೇತನ ಕೊಡುತ್ತದೆ. ಚಿಲಿಂಬಿಯಲ್ಲಿ ಶಾಲೆ ತೆರೆದ ಪ್ಲೀಡರರ ಕಾಲದಲ್ಲಿ ಅಂಥದ್ದೊಂದು ನೆರವು ಇದ್ದಿದ್ದರೆ ಜಿಲ್ಲಾ ಕೋರ್ಟುಗಳ ವಕೀಲರ ಪಟ್ಟಿಯಲ್ಲಿ ಬೇರೆ ಹೆಸರುಗಳೂ ಎಂದೋ ಸೇರಿರುತ್ತಿದ್ದವು.