ಗಾಳಿಯಲ್ಲಿ ಅಡಗಿದ ನೀರು

ವೈಶಾಖಮಾಸದ ಒಂದು ದಿನವನ್ನು ನೆನೆಯೋಣ. ಬೆಳಗಿನಿಂದಲೂ ಎಲೆ ಅಲುಗದು. ಮೈಯ ಬೆವರು ಆರದು. ಬೀಸಣಿಗೆಯನ್ನು ಎಷ್ಟು ಬೀಸಿದರೂ ನೆಮ್ಮದಿಯಿಲ್ಲ. ಅಪರಾಹ್ಣ ನಾಲ್ಕರ ವೇಳೆಗೆ ಚಾಮುಂಡಿಬೆಟ್ಟದ ಆಚೆ ಕಾರ್ಮುಗಿಲು ಏಳುವುದು. ಧೂಳು, ಗುಡುಗು, ಒಮ್ಮೊಮ್ಮೆ ಆಲಿಕಲ್ಲು. ಅರ್ಧ ಗಂಟೆಯಲ್ಲಿ ಊರೇ ತಣ್ಣಗಾಗುವುದು. ಇಷ್ಟು ಸೆಕೆಯಾದ ಮೇಲೆ ಮಳೆ ಬಂದೇ ಬರುವುದೆಂದು ಮನೆಯ ಹಿರಿಯರು ಬೆಳಿಗ್ಗೆಯೇ ನುಡಿದಿರುತ್ತಾರೆ. ಸೆಕೆಗೂ ಬಿರುಮಳೆಗೂ ಇರುವ ನಂಟನ್ನು ಜನರು ಬಹುಕಾಲದಿಂದ ಬಲ್ಲರು. ಅದರ ಕಾರಣವನ್ನು ಅರಿಯುವುದಕ್ಕೆ ಮಾತ್ರ ಶತಮಾನಗಳೇ ಹಿಡಿದುವು. ಆ ಕಥೆಯನ್ನು ಇಂದು ಸಂಕ್ಷೇಪವಾಗಿ ಹೇಳಬಯಸುತ್ತೇವೆ.

ಕಣ್ಣಿಗೆ ಕಾಣದ ನೀರನ್ನು ಅಳೆಯುವುದು ಹೇಗೆ? ಹದಿನೈದನೆಯ ಶತಮಾನದ ನಡುವೆ ಕೂಸಾದ ನಿಕೊಲಾಸ್ ಎಂಬ ಜರ್ಮನ್ ಧರ್ಮಗುರು ಒಂದು ಉಪಾಯವನ್ನು ಸೂಚಿಸಿದನು. ತಕ್ಕಡಿಯ ಒಂದು ತಟ್ಟೆಯಲ್ಲಿ ಉಣ್ಣೆಯನ್ನೂ ಇನ್ನೊಂದರಲ್ಲಿ ಕಲ್ಲುಗಳನ್ನೂ ಸಮತೂಕವಾಗಿ ಇಟ್ಟರೆ, ಗಾಳಿ ತೇವವಾದಾಗ ಉಣ್ಣೆ ಭಾರವಾಗಿ ತಟ್ಟೆ ತಗ್ಗುವುದು. 1783ರಲ್ಲಿ ಜಿನೀವಾದ ಸೊಸ್ಯೂರ್ ಮನುಷ್ಯನ ತಲೆಗೂದಲಿನಿಂದಲೇ ಅಳೆಯುವ ಯಂತ್ರವನ್ನು ಪ್ರಕಟಪಡಿಸಿದನು. ಜಿಡ್ಡು ತೆಗೆದ ಕೂದಲು ಪೂರ್ಣ ಶುಷ್ಕತೆಯಿಂದ ಪೂರ್ಣ ಆರ್ದ್ರತೆಗೆ ಬರುವಾಗ ನೂರಕ್ಕೆ ಸುಮಾರು ಎರಡೂವರೆ ಭಾಗ ಉದ್ದವಾಗುವುದು. ಅಷ್ಟೇ ಸಾಕು, ಮುಳ್ಳು ತಿರುಗುವುದು.

ಅಳತೆ ದೊರೆತರೂ ಅರ್ಥ ದೊರೆತಿರಲಿಲ್ಲ. ಸಕ್ಕರೆ ನೀರಿನಲ್ಲಿ ಕರಗುವಂತೆ ನೀರು ಗಾಳಿಯಲ್ಲಿ ಕರಗುವುದೆಂದು ಅಂದಿನ ಹಲವರು ನಂಬಿದ್ದರು. 1801ರಲ್ಲಿ ಮ್ಯಾಂಚೆಸ್ಟರಿನ ಜಾನ್ ಡಾಲ್ಟನ್ ಇದು ಸರಿಯಲ್ಲವೆಂದು ತೋರಿಸಿದನು. ನೀರಾವಿ ಗಾಳಿಯ ನಡುವೆ ತನ್ನದೇ ಒತ್ತಡದಿಂದ ಸ್ವತಂತ್ರವಾಗಿ ಇರುವುದು; ಅದು ಎಷ್ಟು ಇರಬಹುದೆಂಬುದನ್ನು ಉಷ್ಣತೆಯೊಂದೇ ಗೊತ್ತುಮಾಡುವುದು. ಒಂದು ಘನ ಮೀಟರು ಸ್ಥಳದಲ್ಲಿ 20 ಡಿಗ್ರಿ ಸೆಂಟಿಗ್ರೇಡಿಗೆ ಸುಮಾರು 17 ಗ್ರಾಂ, 30 ಡಿಗ್ರಿಗೆ ಸುಮಾರು 30 ಗ್ರಾಂ ಆವಿ ನಿಲ್ಲಬಲ್ಲುದು. 30 ಡಿಗ್ರಿಯಲ್ಲಿ 15 ಗ್ರಾಂ ಇದ್ದರೆ ಆರ್ದ್ರತೆ ನೂರಕ್ಕೆ ಐವತ್ತು ಎನ್ನುವರು. ಆ ಗಾಳಿಯೇ ತಣ್ಣಗಾದರೆ ಅದೇ 15 ಗ್ರಾಂ ನೂರಕ್ಕೆ ನೂರನ್ನು ಸಮೀಪಿಸಿ, ಕೊನೆಗೆ ಮಂಜಾಗಿ ಮೋಡವಾಗಿ ಕಾಣಿಸಿಕೊಳ್ಳುವುದು.

ಇನ್ನು ಬಿರುಗಾಳಿಯ ಗುಟ್ಟು. ನೀರು ಆವಿಯಾಗುವಾಗ ಬಹಳ ಉಷ್ಣವನ್ನು ಒಳಗೆ ಸೆಳೆದುಕೊಂಡು ಬಚ್ಚಿಡುವುದೆಂದು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಹದಿನೆಂಟನೆಯ ಶತಮಾನದಲ್ಲಿಯೇ ಕಂಡುಕೊಂಡಿದ್ದನು. ಆ ಗುಪ್ತೋಷ್ಣವೇ ಬಿರುಮಳೆಯ ಇಂಧನವೆಂದು ಅಮೆರಿಕದ ಜೇಮ್ಸ್ ಎಸ್ಪಿ 1841ರ ತನ್ನ ಗ್ರಂಥದಲ್ಲಿ ವಾದಿಸಿದನು. ತೇವದ ಗಾಳಿ ಕಾದು ಮೇಲೇರುವುದು. ಮೇಲೆ ತಣಿದು ಆವಿ ಹನಿಯಾಗುವುದು. ಹನಿಯಾಗುವಾಗ ಬಚ್ಚಿಟ್ಟ ಉಷ್ಣವನ್ನು ಬಿಟ್ಟುಕೊಡುವುದು. ಅದರಿಂದ ಗಾಳಿ ಮತ್ತಷ್ಟು ಹಗುರಾಗಿ ಇನ್ನೂ ಮೇಲಕ್ಕೆ ನುಗ್ಗುವುದು. ಎಷ್ಟೋ ದಿನ ಮೇಲಣ ಬಿಸಿಯಾದ ಒಣಗಾಳಿಯ ಪದರವು ಮುಚ್ಚಳದಂತೆ ಇದನ್ನು ತಡೆದಿರುವುದುಂಟು. ಮಧ್ಯಾಹ್ನದ ಕಾವಿಗೆ ಮುಚ್ಚಳ ಹಾರಿದೊಡನೆ ಮೋಡ ಗೋಪುರದಂತೆ ಏಳುವುದು. ಮಳೆಗೆ ಮುಂಚೆ ನಮ್ಮ ಮುಖಕ್ಕೆ ಬಡಿಯುವ ತಂಗಾಳಿಯೂ, ಬೀಳುವ ಹನಿಗಳು ದಾರಿಯಲ್ಲಿ ಆರುತ್ತ ತಣಿಸಿದ ಗಾಳಿಯೇ.

ಬೆವರಿನ ನ್ಯಾಯವೂ ಇದೇ. ಬೆವರು ಆರುವಾಗ ಮೈಯ ಉಷ್ಣವನ್ನು ಹೊತ್ತೊಯ್ಯುವುದು. ಗಾಳಿಯಲ್ಲಿ ಆಗಲೇ ಆವಿ ತುಂಬಿದ್ದರೆ ಅದು ಆರದೆ ಸುಮ್ಮನೆ ಹರಿಯುವುದು. ಇದರ ಬೆಲೆಯನ್ನು ಮೊದಲು ತೆತ್ತವರು ಕೂಲಿಕಾರರು. ಲ್ಯಾಂಕಷೈರಿನ ಹತ್ತಿಯ ಗಿರಣಿಗಳಲ್ಲಿ ನೂಲು ತುಂಡಾಗದಿರಲೆಂದು ನೇಯುವ ಕೊಠಡಿಗಳಿಗೆ ಹಬೆಯನ್ನು ಬಿಡುತ್ತಿದ್ದರು. 1889ರ ಶಾಸನವು ಅದಕ್ಕೆ ಮಿತಿಯನ್ನು ವಿಧಿಸಿತು. 1905ರಲ್ಲಿ ಜೆ. ಎಸ್. ಹಾಲ್ಡೇನ್ ಮನುಷ್ಯನ ಸಹನೆಯನ್ನು ನಿರ್ಣಯಿಸುವುದು ಒಣ ಉಷ್ಣಮಾಪಕವಲ್ಲ, ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವೆಂದು ಸ್ಥಾಪಿಸಿದನು. ನಿಶ್ಚಲವಾದ ಗಾಳಿಯಲ್ಲಿ ಒದ್ದೆ ಮಾಪಕ ಸುಮಾರು 31 ಡಿಗ್ರಿಯನ್ನು ಮೀರಿದರೆ, ಸುಮ್ಮನೆ ಕುಳಿತವನ ಮೈಯೂ ಕಾಯತೊಡಗುವುದೆಂದು ಅವನು ಕಂಡನು.

ಲೆಕ್ಕವನ್ನು ನೋಡಿರಿ. ರಾಯಚೂರಿನಂಥ ಒಣನಾಡಿನಲ್ಲಿ 40 ಡಿಗ್ರಿಯೂ ನೂರಕ್ಕೆ ಇಪ್ಪತ್ತು ಆರ್ದ್ರತೆಯೂ ಇದ್ದರೆ ಒದ್ದೆ ಮಾಪಕ ಸುಮಾರು 23ನ್ನು ತೋರುವುದು. ಮಂಗಳೂರಿನಂಥ ಕಡಲತಡಿಯಲ್ಲಿ 33 ಡಿಗ್ರಿಯೂ ನೂರಕ್ಕೆ ಎಪ್ಪತ್ತೈದು ಆರ್ದ್ರತೆಯೂ ಇದ್ದರೆ ಅದು 29ನ್ನು ತೋರುವುದು. ಅಂಕಿಯಲ್ಲಿ ಕಡಮೆಯಾದುದೇ ಮೈಗೆ ಹೆಚ್ಚು ಭಾರ. ಮೊದಲನೆಯದನ್ನು ಬೇಗೆಯೆಂದೂ ಎರಡನೆಯದನ್ನು ಸೆಕೆಯೆಂದೂ ಬೇರೆಯಾಗಿ ಕರೆದ ನಮ್ಮ ಮಾತಿನಲ್ಲಿ ವಿವೇಕವಿದೆ.

ಭೂಮಿ ಕಾಯುತ್ತಿರುವ ಈ ಕಾಲದಲ್ಲಿ ಗಾಳಿಯ ಆವಿಯೂ ಏರುತ್ತಿದೆ. ಸೆಕೆಯ ದಿನ ನೆರಳಿನಲ್ಲಿ ಕುಳಿತ ನಾವು ಮಳೆಯನ್ನು ಕಾಯಬಲ್ಲೆವು. ಕಲ್ಲು ಹೊರುವವನೂ ಗದ್ದೆಯಲ್ಲಿ ಬಗ್ಗಿದವಳೂ ಕಾಯಲಾರರು. ಅವರ ದುಡಿಮೆಯ ವೇಳೆಯನ್ನು ಗೊತ್ತುಮಾಡುವವರು ಒಣ ಮಾಪಕವೊಂದನ್ನೇ ನಂಬದೆ ಒದ್ದೆ ಮಾಪಕವನ್ನೂ ನೋಡತಕ್ಕದ್ದು.