ಪಾರಿವಾಳ, ಟೈಮ್‌ಟೇಬಲ್, ಡಿಪ್ರೆಶನ್: ಒಂದು ಚಿಕಿತ್ಸೆಯ ಕಥೆ

"ಸುಮ್ನೆ ಬಿದ್ಕೊಂಡ್ರೆ ಇನ್ನೇನಾಗುತ್ತೆ? ಎದ್ದು ಏನಾದ್ರೂ ಮಾಡು." ಡಿಪ್ರೆಶನ್‌ನಲ್ಲಿ ಇರೋರಿಗೆ ಮನೇಲಿ ಈ ಮಾತು ಬೀಳದೇ ಇರೋ ದಿನ ಕಡಿಮೆ. ಹೇಳೋರದ್ದು ಕಾಳಜಿ, ಕೇಳೋರಿಗೆ ಮಾತ್ರ ಮುಳ್ಳು. ಇವತ್ತಿನ ವಿಷಯ ಬಿಹೇವಿಯರಲ್ ಆಕ್ಟಿವೇಶನ್ ಅನ್ನೋ ಚಿಕಿತ್ಸೆ. ಮೇಲಿಂದ ನೋಡಿದ್ರೆ ಇದೂ ಅದೇ ಬೈಗುಳಕ್ಕೆ ಇಂಗ್ಲಿಷ್ ಹೆಸರಿಟ್ಟ ಹಾಗೆ ಕಾಣುತ್ತೆ. ಒಳಗೆ ಇರೋದು ಬೇರೆ. ಅದು ಗೊತ್ತಾಗ್ಬೇಕಾದ್ರೆ ಪಾರಿವಾಳಗಳಿಂದ ಶುರು ಮಾಡ್ಬೇಕು.

1950ರ ದಶಕ, ಅಮೆರಿಕದ ಹಾರ್ವರ್ಡ್. ಚಾರ್ಲ್ಸ್ ಫರ್ಸ್ಟರ್ ಅನ್ನೋ ಯುವ ಸಂಶೋಧಕರು ಬಿ.ಎಫ್. ಸ್ಕಿನ್ನರ್ ಜೊತೆ ಸೇರಿ ಪಾರಿವಾಳಗಳ ಮೇಲೆ ಪ್ರಯೋಗ ಮಾಡ್ತಿದ್ರು. ಗುಂಡಿ ಕುಕ್ಕಿದ್ರೆ ಕಾಳು. ಎಷ್ಟು ಕುಕ್ಕಿದ ಮೇಲೆ ಕಾಳು ಕೊಟ್ರೆ ಹಕ್ಕಿ ಏನು ಮಾಡುತ್ತೆ ಅನ್ನೋದರ ಮೇಲೇ ಇಬ್ಬರೂ 1957ರಲ್ಲಿ ಒಂದು ದಪ್ಪ ಪುಸ್ತಕ ತಂದ್ರು. ಕಾಳು ಬರೋದು ನಿಂತ್ರೆ, ಕುಕ್ಕೋದೂ ನಿಧಾನಕ್ಕೆ ನಿಲ್ಲುತ್ತೆ.

1973ರಲ್ಲಿ ಇದೇ ಫರ್ಸ್ಟರ್ ಡಿಪ್ರೆಶನ್ ಬಗ್ಗೆ ಒಂದು ಲೇಖನ ಬರೆದ್ರು. ಈ ಮನುಷ್ಯ ಏನೇನು ಮಾಡೋದನ್ನ ಬಿಟ್ಟಿದ್ದಾನೆ, ಅದರ ಬದಲು ಏನು ಮಾಡ್ತಿದ್ದಾನೆ ಅಂತ ನೋಡಿ ಅನ್ನೋದು ಅವರ ವಾದ. ಬಹಳಷ್ಟು ಸಲ ಅವನು ಮಾಡ್ತಿರೋದು ಒಂದೇ: ತಪ್ಪಿಸಿಕೊಳ್ಳೋದು.

ಇದನ್ನ ನಾನು ಕಣ್ಣಾರೆ ನೋಡಿದ್ದೀನಿ. ಬಿ.ಕಾಂ. ಮುಗಿಸಿ ಪಿಜಿಯಲ್ಲಿದ್ದಾಗ ನನ್ನ ರೂಮ್‌ಮೇಟ್ ಒಬ್ಬ ಮೊದಲು ಸಂಜೆ ಟೀಗೆ ಬರೋದು ಬಿಟ್ಟ. ಆಮೇಲೆ ಊಟಕ್ಕೆ ಕೆಳಗೆ ಬರೋದು. ಆಮೇಲೆ ಅಮ್ಮನ ಫೋನ್ ಎತ್ತೋದು. ಫೋನ್ ಎತ್ತದೇ ಇದ್ರೆ ಆ ಕ್ಷಣಕ್ಕೆ ಉಸಿರು ಬಿಟ್ಟ ಹಾಗೆ ಆಗ್ತಿತ್ತಂತೆ. ಆದ್ರೆ ಅಮ್ಮನ ಮಾತಿಂದ ಸಿಗ್ತಿದ್ದ ಖುಷಿನೂ ಅದರ ಜೊತೆಗೇ ಹೋಯ್ತು. ಖುಷಿ ಕಮ್ಮಿ ಆದಷ್ಟೂ ಏಳೋ ಮನಸ್ಸು ಕಮ್ಮಿ, ಏಳದಷ್ಟೂ ಖುಷಿ ಕಮ್ಮಿ. ಇದೊಂದು ಸುಳಿ.

ಅದೇ ಕಾಲಕ್ಕೆ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಲೆವಿನ್‌ಸನ್ ಮತ್ತು ಸಂಗಡಿಗರು ಮನಸ್ಸಿಗೆ ಹಿತ ಕೊಡೋ 320 ಚಟುವಟಿಕೆಗಳ ಪಟ್ಟಿ ಮಾಡಿದ್ರು. ದಿನಾ ಏನು ಮಾಡಿದ್ರಿ, ಆ ದಿನ ಮೂಡ್ ಹೇಗಿತ್ತು ಅಂತ ಬರೆದುಕೊಳ್ಳೋದು. ಕಾಮರ್ಸ್ ಓದಿದ ನನ್ನ ಕಣ್ಣಿಗೆ ಇದು ಶುದ್ಧ ಡೇ ಬುಕ್.

ಆದ್ರೆ ಗಾಳಿ ಬೇರೆ ಕಡೆ ಬೀಸ್ತಿತ್ತು. 1979ರಲ್ಲಿ ಆರನ್ ಬೆಕ್ ಅವರ ಕಾಗ್ನಿಟಿವ್ ಥೆರಪಿ ಪುಸ್ತಕ ಬಂತು. ರೋಗದ ಬೇರು ಯೋಚನೆಯಲ್ಲಿದೆ, 'ನಾನು ಯಾವುದಕ್ಕೂ ಲಾಯಕ್ಕಿಲ್ಲ' ಅನ್ನೋ ನಂಬಿಕೆಯನ್ನ ಪರೀಕ್ಷೆ ಮಾಡಿ ಬದಲಾಯಿಸ್ಬೇಕು ಅಂದ್ರು ಬೆಕ್. ದಿನದ ಟೈಮ್‌ಟೇಬಲ್ ಹಾಕೋದು ಅವರಲ್ಲೂ ಇತ್ತು, ಮೊದಲ ಮೆಟ್ಟಿಲಾಗಿ. ಮದುವೆ ಊಟದಲ್ಲಿ ಎಲೆ ತುದಿಗೆ ಬಡಿಸೋ ಉಪ್ಪಿನ ಹಾಗೆ.

ಸಿಯಾಟಲ್‌ನ ನೀಲ್ ಜೇಕಬ್ಸನ್‌ಗೆ ಒಂದು ಅನುಮಾನ ಬಂತು: ಕೆಲಸ ಮಾಡ್ತಿರೋದು ಊಟದ ಯಾವ ಐಟಂ? ಅವರು 150 ರೋಗಿಗಳನ್ನ ಮೂರು ಗುಂಪು ಮಾಡಿದ್ರು. ಒಂದಕ್ಕೆ ಬರೀ ಚಟುವಟಿಕೆ. ಇನ್ನೊಂದಕ್ಕೆ ಅದರ ಜೊತೆ ತಕ್ಷಣ ಬರೋ ಯೋಚನೆಗಳನ್ನ ತಿದ್ದೋದು. ಮೂರನೇದಕ್ಕೆ ಪೂರ್ತಿ ಕಾಗ್ನಿಟಿವ್ ಥೆರಪಿ. ಚಿಕಿತ್ಸೆ ಕೊಟ್ಟವರು ಕಾಗ್ನಿಟಿವ್ ಥೆರಪಿ ಕಡೆಗೇ ಒಲವಿದ್ದವರು. 1996ರಲ್ಲಿ ಫಲಿತಾಂಶ ಬಂತು: ಮೂರೂ ಗುಂಪು ಸರಿಸುಮಾರು ಒಂದೇ. ಉಪ್ಪು ಅಂದುಕೊಂಡಿದ್ದೇ ಅನ್ನ ಆಗಿತ್ತು.

ಇದನ್ನೇ ಬೆಳೆಸಿ ಜೇಕಬ್ಸನ್ ತಂಡ ಸ್ವತಂತ್ರ ಚಿಕಿತ್ಸೆ ಕಟ್ಟಿತು, 241 ಜನರ ಇನ್ನೊಂದು ಪ್ರಯೋಗಕ್ಕೆ ಇಳಿಯಿತು. ಫಲಿತಾಂಶ ನೋಡೋಕೆ ಅವರಿರಲಿಲ್ಲ. 1999ರಲ್ಲಿ, ಇನ್ನೂ 50ರ ವಯಸ್ಸಿಗೇ, ಹೃದಯಾಘಾತದಿಂದ ತೀರಿಕೊಂಡ್ರು. 2006ರಲ್ಲಿ ವರದಿ ಬಂದಾಗ, ಖಿನ್ನತೆ ಜೋರಾಗಿದ್ದವರಲ್ಲಿ ಈ ಚಿಕಿತ್ಸೆ ಮಾತ್ರೆಗೆ ಸರಿಸಮ ನಿಂತಿತ್ತು, ಕಾಗ್ನಿಟಿವ್ ಥೆರಪಿಗಿಂತ ಮುಂದಿತ್ತು.

ಹಾಗಾದ್ರೆ 'ಎದ್ದು ಏನಾದ್ರೂ ಮಾಡು' ಅನ್ನೋ ಅಪ್ಪ ಸರಿನಾ? ನನ್ನ ಪ್ರಕಾರ ಇಲ್ಲ. 'ಏನಾದ್ರೂ' ಅನ್ನೋ ಪದದಲ್ಲೇ ಕಷ್ಟ ಇದೆ. ಇಲ್ಲಿ ಒಬ್ಬರು ನಿಮ್ಮ ಪಕ್ಕ ಕೂತು, ಯಾವ ಹೊತ್ತಲ್ಲಿ ಏನನ್ನ ತಪ್ಪಿಸ್ತಿದ್ದೀರ, ಯಾವುದು ಮಾಡಿದ ದಿನ ಚೂರು ಹಗುರ ಆಯ್ತು ಅಂತ ನಿಮ್ಮ ಜೊತೇಲೇ ಹುಡುಕ್ತಾರೆ. ಕೆಲಸನ ಚಿಕ್ಕ ಚಿಕ್ಕ ತುಂಡು ಮಾಡ್ತಾರೆ. ಅಮ್ಮನಿಗೆ ಫೋನ್ ಮಾಡೋದು ಬೆಟ್ಟ ಅನ್ನಿಸಿದ್ರೆ, ಬುಧವಾರ ಸಂಜೆ ಆರಕ್ಕೆ ಒಂದು ಮೆಸೇಜ್. ಮೂಡ್ ಬರಲಿ ಅಂತ ಕಾಯೋ ಹಾಗಿಲ್ಲ, ಟೈಮ್ ಆದ್ರೆ ಮಾಡೋದು. ಆಗಲಿಲ್ವಾ? ಬೈಗುಳ ಇಲ್ಲ. ಯಾಕೆ ಆಗಲಿಲ್ಲ ಅಂತ ನೋಡಿ, ತುಂಡನ್ನ ಇನ್ನೂ ಚಿಕ್ಕದು ಮಾಡ್ತಾರೆ.

ಇಷ್ಟು ಸರಳ ಆಗಿದ್ದಕ್ಕೇ ಇದನ್ನ ಕಲಿಸೋದೂ ಸುಲಭ. ಅದರ ಲಾಭ ಕಂಡಿದ್ದು ನಮ್ಮ ಪಕ್ಕದ ಗೋವಾದಲ್ಲಿ. ವಿಕ್ರಮ್ ಪಟೇಲ್ ಮತ್ತು ಸಂಗತ್ ಸಂಸ್ಥೆಯವರು ಮಾನಸಿಕ ಆರೋಗ್ಯದ ಯಾವ ಡಿಗ್ರಿನೂ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆ ಇದ್ದ 495 ಜನರ ಪ್ರಯೋಗ ಮಾಡಿದ್ರು. ಅರ್ಧ ಜನಕ್ಕೆ ಡಾಕ್ಟರ್ ನೋಡೋದರ ಜೊತೆ ಆರರಿಂದ ಎಂಟು ಸಲ ಈ ಕೌನ್ಸೆಲಿಂಗ್, ಬೇಕಾದ್ರೆ ಮನೆಗೇ ಹೋಗಿ. ಮೂರು ತಿಂಗಳಾದ ಮೇಲೆ ಅವರಲ್ಲಿ 64% ಜನ ಖಿನ್ನತೆಯಿಂದ ಹೊರಬಂದಿದ್ರು. ಕೌನ್ಸೆಲಿಂಗ್ ಇಲ್ಲದ ಗುಂಪಿನಲ್ಲಿ 39%.

ತಜ್ಞರಷ್ಟೇ ನೋಡ್ಬೇಕಿಲ್ಲ ಅನ್ನೋ ಯೋಚನೆ ನಮಗೆ ಹೊಸದೇನಲ್ಲ. ನಿಮ್ಹಾನ್ಸ್ 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯ ಆರೋಗ್ಯ ಕೇಂದ್ರದ ಡಾಕ್ಟರು, ಸಿಬ್ಬಂದಿಗೆ ಮಾನಸಿಕ ರೋಗ ಗುರುತಿಸೋಕೆ, ನೋಡಿಕೊಳ್ಳೋಕೆ ಕಲಿಸಿತ್ತು. ಅದೇ ಮಾದರಿ ಆಮೇಲೆ ದೇಶಕ್ಕೆಲ್ಲ ಹೋಯ್ತು.

64% ಅಂದ್ರೆ ನೂರರಲ್ಲಿ 36 ಜನಕ್ಕೆ ಇದೂ ಸಾಕಾಗಲಿಲ್ಲ ಅಂತಾನೂ ಲೆಕ್ಕ. ನನ್ನ ರೂಮ್‌ಮೇಟ್‌ಗೆ ಮಾತ್ರೆನೂ ಬೇಕಾಯ್ತು, ತಗೊಂಡ, ಈಗ ಕೆಲಸಕ್ಕೆ ಹೋಗ್ತಿದ್ದಾನೆ. ಡಾಕ್ಟರ್ ಕೊಟ್ಟ ಮಾತ್ರೆನ ಈ ಎಪಿಸೋಡ್ ಕೇಳಿ ಯಾರೂ ನಿಲ್ಲಿಸ್ಬೇಡಿ. ಯಾರ ಹತ್ರ ಮಾತಾಡೋದು ಗೊತ್ತಾಗ್ತಿಲ್ಲ ಅಂದ್ರೆ ಸರ್ಕಾರದ ಟೆಲಿ ಮಾನಸ್ ಇದೆ, ನಂಬರ್ 14416. ದುಡ್ಡು ಕೊಡೋ ಹಾಗಿಲ್ಲ, ರಾತ್ರಿ ಎರಡಕ್ಕೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡ್ಬಹುದು.